ಚಿತ್ರ ಬಂತು, ಧ್ವನಿ ಎಲ್ಲಿ ಹೋಯಿತು?

ಪೆನ್‌ಡ್ರೈವ್‌ನಲ್ಲಿರುವ ಮದುವೆಯ ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿದರೆ ವಾಲಗ, ಮಂತ್ರ, ನೆಂಟರ ಮಾತು ಎಲ್ಲವೂ ಚೆನ್ನಾಗಿ ಕೇಳುತ್ತವೆ. ಊರಿನಲ್ಲಿರುವ ಅಜ್ಜಿ ನೋಡಲೆಂದು ಅದನ್ನೇ ಡಿವಿಡಿ ಮಾಡಿಸಿ ಟಿ.ವಿ.ಗೆ ಹಾಕಿದರೆ ತಾಳಿ ಕಟ್ಟುವುದು ಕಾಣುತ್ತದೆ, ಗಟ್ಟಿಮೇಳ ಮಾತ್ರ ಕೇಳುವುದಿಲ್ಲ. ಡಿಸ್ಕ್ ಕೆಟ್ಟಿರಬೇಕೆಂದು ಇನ್ನೊಂದು ಬರ್ನ್ ಮಾಡಿಸುತ್ತಾರೆ. ಅದೂ ಮೂಕ. ಇಂಥ ಬಹುತೇಕ ಸಂದರ್ಭಗಳಲ್ಲಿ ಡಿಸ್ಕಿನ ತಪ್ಪೇನೂ ಇರುವುದಿಲ್ಲ, ಧ್ವನಿ ಅಳಿಸಿಯೂ ಹೋಗಿರುವುದಿಲ್ಲ. ಫೈಲ್ ಡಿವಿಡಿಯಾಗುವ ದಾರಿಯಲ್ಲಿ ಯಾವುದೋ ಒಂದು ಹಂತದಲ್ಲಿ ಹಿಂದೆ ಉಳಿದುಬಿಟ್ಟಿರುತ್ತದೆ. ಆ ಹಂತ ಯಾವುದೆಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ.

ವಿಡಿಯೊ ಫೈಲನ್ನು ಟಿಫಿನ್ ಕ್ಯಾರಿಯರ್ ಎಂದುಕೊಳ್ಳಿ. ಎಂಪಿ4, ಎವಿಐ, ಎಂಕೆವಿ ಎಂಬುವು ಹೊರಗಿನ ಕ್ಯಾರಿಯರ್‌ನ ಹೆಸರುಗಳಷ್ಟೇ. ಒಳಗೆ ಒಂದು ಡಬ್ಬಿಯಲ್ಲಿ ಚಿತ್ರ, ಇನ್ನೊಂದರಲ್ಲಿ ಧ್ವನಿ ಬೇರೆಬೇರೆಯಾಗಿಯೇ ಇರುತ್ತವೆ. ಜಾಗ ಉಳಿಸಲು ಎರಡನ್ನೂ ಒಂದೊಂದು ವಿಧಾನದಲ್ಲಿ ಕುಗ್ಗಿಸಿರುತ್ತಾರೆ. ಆ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಈಗಿನ ಮೊಬೈಲಿನ ಎಂಪಿ4 ಫೈಲಿನಲ್ಲಿ ಧ್ವನಿ ಸಾಮಾನ್ಯವಾಗಿ ಎಎಸಿ ಕೋಡೆಕ್‌ನಲ್ಲಿರುತ್ತದೆ. ಹಳೆಯ ಮೊಬೈಲುಗಳ 3ಜಿಪಿ ಫೈಲಿನಲ್ಲಿ ಹೆಚ್ಚಾಗಿ ಎಎಂಆರ್ ಇರುತ್ತಿತ್ತು. ಫೋನ್ ಮಾತುಕತೆಗೆಂದೇ ರೂಪಿಸಿದ ಇದರ ಮೂಲ ರೂಪ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆದು ದಾಖಲಿಸುತ್ತದೆ. ಡಿವಿಡಿ ಮಾಡುವ ತಂತ್ರಾಂಶಕ್ಕೆ ಚಿತ್ರದ ಕೋಡೆಕ್ ತಿಳಿದಿದ್ದು ಧ್ವನಿಯದು ತಿಳಿಯದೇ ಇದ್ದರೆ, ಎಷ್ಟೋ ಸಲ ಅದು ದೋಷವನ್ನೂ ತೋರಿಸದೆ ಬರೀ ಚಿತ್ರವನ್ನು ಪರಿವರ್ತಿಸಿ ಕೆಲಸ ಮುಗಿಯಿತೆನ್ನುತ್ತದೆ.

ಡಿವಿಡಿ ಮೊದಲು ಮಾರುಕಟ್ಟೆಗೆ ಬಂದದ್ದು 1996ರಲ್ಲಿ, ಜಪಾನಿನಲ್ಲಿ. ಆಗ ಗೊತ್ತುಮಾಡಿದ ನಿಯಮಗಳನ್ನೇ ಪ್ಲೇಯರುಗಳು ಇವತ್ತಿಗೂ ಪಾಲಿಸುತ್ತವೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಚಿತ್ರ ಎಂಪೆಗ್-2 ಕೋಡೆಕ್‌ನಲ್ಲಿ, ಸಾಮಾನ್ಯವಾಗಿ 720x576 ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮುಗಳಂತೆ ಇರುತ್ತದೆ. ಧ್ವನಿಗೆ ಇರುವ ಆಯ್ಕೆ ಕೆಲವೇ: ಕುಗ್ಗಿಸದ ಪಿಸಿಎಂ, ಡಾಲ್ಬಿಯ ಎಸಿ-3, ಎಂಪಿ2, ಕೆಲವು ಪ್ಲೇಯರುಗಳಲ್ಲಿ ಡಿಟಿಎಸ್. ಎಎಸಿ ಈ ಪಟ್ಟಿಯಲ್ಲಿಲ್ಲ, ಎಂಪಿ3 ಕೂಡ ಇಲ್ಲ. ಇನ್ನೊಂದು ನಿಯಮ ಮಾದರಿ ದರದ್ದು. ಸಂಗೀತದ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದಿರುತ್ತಾರೆ. ಡಿವಿಡಿಗೆ ಸಾಮಾನ್ಯವಾಗಿ 48,000 ಬೇಕು. ಸರಿಯಾಗಿ ಪರಿವರ್ತಿಸದೆ ಮೊದಲನೆಯದನ್ನು ಎರಡನೆಯದರ ವೇಗದಲ್ಲಿ ಓಡಿಸಿದರೆ ಒಂದು ಗಂಟೆಯ ಧ್ವನಿ ಸುಮಾರು 55 ನಿಮಿಷಕ್ಕೇ ಮುಗಿಯುತ್ತದೆ, ಸ್ವರವೂ ಏರುತ್ತದೆ. ಡಿಸ್ಕಿನ ಕೊನೆಯಲ್ಲಿ ಮಾತ್ರ ಧ್ವನಿ ಇಲ್ಲ ಎನ್ನುವವರು ಇದನ್ನೊಮ್ಮೆ ಪರೀಕ್ಷಿಸಬೇಕು.

ಎಡಿಟಿಂಗ್ ಮಾಡುವವರಲ್ಲಿ ಕಾಣುವ ತೊಂದರೆ ಬೇರೆ. ಕೆಲವು ಎಡಿಟಿಂಗ್ ತಂತ್ರಾಂಶಗಳು ಡಿವಿಡಿಗೆಂದು ಎಕ್ಸ್‌ಪೋರ್ಟ್ ಮಾಡುವಾಗ ಎರಡು ಫೈಲ್ ಬರೆಯುತ್ತವೆ. ಎಂ2ವಿ ಎಂದು ಕೊನೆಯಾಗುವ ಫೈಲಿನಲ್ಲಿ ಚಿತ್ರ ಮಾತ್ರ ಇರುತ್ತದೆ. ಧ್ವನಿ ಪಕ್ಕದಲ್ಲೇ ಇನ್ನೊಂದು ಫೈಲಿನಲ್ಲಿ, ಡಬ್ಲ್ಯುಎವಿ ಅಥವಾ ಎಸಿ3 ಎಂಬ ಬಾಲದೊಂದಿಗೆ ಇರುತ್ತದೆ. ದೊಡ್ಡ ಫೈಲೇ ವಿಡಿಯೊ ಎಂದು ಅದೊಂದನ್ನೇ ನಕಲು ಮಾಡಿ ಕೊಟ್ಟರೆ ಡಿಸ್ಕ್ ಮೂಕವಾಗುವುದು ಖಂಡಿತ. ಡಿವಿಡಿ ಗುಣಮಟ್ಟದ ಒಂದು ಗಂಟೆಯ ಸ್ಟೀರಿಯೊ ಪಿಸಿಎಂ ಧ್ವನಿ ಸುಮಾರು 690 ಎಂಬಿ ಆಗುತ್ತದೆ. ಅಷ್ಟು ತೂಕದ ಫೈಲ್ ಫೋಲ್ಡರಿನಲ್ಲಿದ್ದರೆ ಕಳೆದುಹೋಯಿತೆಂದುಕೊಂಡ ಧ್ವನಿ ಬಹುಶಃ ಅದೇ. ಎರಡನ್ನೂ ಡಿವಿಡಿ ತಂತ್ರಾಂಶಕ್ಕೆ ಒಟ್ಟಿಗೆ ಕೊಟ್ಟರೆ ಸಾಕು.

ಇನ್ನೊಂದು ತೊಂದರೆಯ ಹಿಂದೆ ಸೊಗಸಾದ ಭೌತವಿಜ್ಞಾನವಿದೆ. ಇಯರ್‌ಫೋನಿನಲ್ಲಿ ಭಾಷಣ ಕೇಳುತ್ತದೆ, ಒಂದೇ ಸ್ಪೀಕರಿನ ಹಳೆಯ ಟಿ.ವಿ.ಯಲ್ಲಿ ಕೇಳುವುದಿಲ್ಲ. ವೇದಿಕೆಯ ಮೈಕಿನ ಕೇಬಲಿನಲ್ಲಿ ಒಂದೇ ಧ್ವನಿ ಎರಡು ಎಳೆಗಳಲ್ಲಿ ತಿರುವುಮುರುವಾಗಿ ಹರಿಯುತ್ತದೆ. ಒಂದರಲ್ಲಿ ಅಲೆ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ. ದಾರಿಯಲ್ಲಿ ಸೇರಿಕೊಳ್ಳುವ ಗುಂಯ್ ಸದ್ದನ್ನು ಕಳೆಯಲು ಮಾಡಿದ ಏರ್ಪಾಡು ಅದು. ತಪ್ಪು ಪಿನ್ ಬಳಸಿ ಇದನ್ನು ಕ್ಯಾಮೆರಾದ ಸ್ಟೀರಿಯೊ ಕಿಂಡಿಗೆ ಸಿಕ್ಕಿಸಿದರೆ ಒಂದು ಎಳೆ ಎಡ ಚಾನೆಲ್, ಇನ್ನೊಂದು ಬಲ ಚಾನೆಲ್ ಆಗಿಬಿಡುತ್ತದೆ. ಬೇರೆಬೇರೆಯಾಗಿ ಕೇಳುವವರೆಗೆ ತೊಂದರೆಯಿಲ್ಲ. ಟಿ.ವಿ. ಅಥವಾ ಪರಿವರ್ತಕ ಎರಡನ್ನೂ ಕೂಡಿಸಿ ಮೋನೊ ಮಾಡಿದ ಕ್ಷಣ ಏರಿಳಿತಗಳು ಒಂದನ್ನೊಂದು ಹೊಡೆದುಹಾಕಿ ಸೊನ್ನೆಯಾಗುತ್ತವೆ. ಎಡ ಚಾನೆಲನ್ನೇ ನಕಲು ಮಾಡಿ ಬಲಕ್ಕೂ ಹಾಕಿದರೆ ಮಾತು ಮರಳಿ ಬರುತ್ತದೆ.

ಹುಡುಕಾಟವನ್ನು ಹೀಗೆ ಕ್ರಮವಾಗಿ ಮಾಡಿ. ಮೊದಲು ಮೂಲ ಫೈಲನ್ನು ವಿಎಲ್‌ಸಿ ಪ್ಲೇಯರಿನಲ್ಲಿ ಕೇಳಿ; ಬಹುಪಾಲು ಕೋಡೆಕ್‌ಗಳು ಅದರೊಳಗೇ ಇವೆ. ಆಮೇಲೆ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಅದೇ ಫೈಲನ್ನು ತೆರೆದರೆ ಆಡಿಯೊ ವಿಭಾಗದಲ್ಲಿ ಕೋಡೆಕ್, ಚಾನೆಲ್ ಮತ್ತು ಮಾದರಿ ದರ ಕಾಣುತ್ತವೆ. ಆಡಿಯೊ ವಿಭಾಗವೇ ಇಲ್ಲದಿದ್ದರೆ ಆ ಫೈಲಿನಿಂದ ಧ್ವನಿ ತೆಗೆಯುವ ಪ್ರಯತ್ನ ವ್ಯರ್ಥ, ಕ್ಯಾಮೆರಾದ ಕಾರ್ಡಿಗೇ ಹೋಗಬೇಕು. ವಿಭಾಗ ಇದ್ದರೆ ಎಫ್‌ಎಫ್‌ಎಂಪೆಗ್ ಅಥವಾ ಡಿವಿಡಿಸ್ಟೈಲರ್‌ನಂಥ ಉಚಿತ ತಂತ್ರಾಂಶದಲ್ಲಿ ಧ್ವನಿಯನ್ನು ಎಸಿ-3, 48 ಕಿಲೋಹರ್ಟ್ಸ್, ಎರಡು ಚಾನೆಲ್, 192 ಕಿಲೋಬಿಟ್ ಎಂದು ಆರಿಸಿ. ಚಿತ್ರ ಆಗಲೇ ಡಿವಿಡಿ ನಿಯಮದ ಎಂಪೆಗ್-2 ಆಗಿದ್ದರೆ ಅದನ್ನು ಮುಟ್ಟಬೇಡಿ, ಧ್ವನಿಯನ್ನಷ್ಟೇ ಬದಲಾಯಿಸಿ. ಸಮಯ ಉಳಿಯುತ್ತದೆ, ಚಿತ್ರದ ಗುಣಮಟ್ಟವೂ ಕುಂದುವುದಿಲ್ಲ.

ಇಡೀ ವಿಡಿಯೊಗೆ ಕೈಹಾಕುವ ಮೊದಲು ಒಂದು ನಿಮಿಷದ ತುಣುಕನ್ನು ಪರಿವರ್ತಿಸಿ ನೋಡಿ. ಬರ್ನ್ ಮಾಡುವ ಮುಂಚೆ ಕಂಪ್ಯೂಟರಿನಲ್ಲಿ ತಯಾರಾಗುವ ವಿಡಿಯೊ_ಟಿಎಸ್ ಫೋಲ್ಡರನ್ನು ವಿಎಲ್‌ಸಿಯಲ್ಲಿ ತೆರೆದು ಕೇಳಿ. ಅಲ್ಲಿ ಕೇಳಿಸಿ ಟಿ.ವಿ.ಯಲ್ಲಿ ಕೇಳದಿದ್ದರೆ ದೋಷ ಡಿಸ್ಕಿನದಲ್ಲದೆಯೂ ಇರಬಹುದು. ಬಿಳಿ ಮತ್ತು ಕೆಂಪು ಪಿನ್‌ಗಳನ್ನೂ ಪ್ಲೇಯರಿನ ಆಡಿಯೊ ಸೆಟ್ಟಿಂಗನ್ನೂ ನೋಡಿ. ಒಂದು ಡಿವಿಡಿಯಲ್ಲಿ ಎಂಟು ಧ್ವನಿ ಟ್ರ್ಯಾಕ್‌ಗಳವರೆಗೆ ಇರಬಹುದಾದ್ದರಿಂದ ರಿಮೋಟಿನ ಆಡಿಯೊ ಬಟನ್ ಒತ್ತಿಯೂ ಪರೀಕ್ಷಿಸಿ.

ಮದುವೆ ಮನೆಯಲ್ಲಿ ಹಾಡಿದ ಹಿರಿಯರ ದನಿ ಎರಡನೆಯ ಸಲ ಸಿಗದೇ ಹೋಗಬಹುದು. ಆದ್ದರಿಂದ ಸ್ಟುಡಿಯೊದವರಲ್ಲೂ ಮನೆಯವರಲ್ಲೂ ಒಂದೇ ಕೋರಿಕೆ: ಡಿವಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಟಿ.ವಿ.ಯಲ್ಲಿ ಕೇಳಿ ಖಚಿತಪಡಿಸಿಕೊಳ್ಳುವ ತನಕ ಕ್ಯಾಮೆರಾದ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ, ಮೂಲ ಫೈಲನ್ನು ಅಳಿಸಬೇಡಿ.