ಕ್ಯಾಪ್ಸೂಲಿನಲ್ಲಿ ಜಾಗ ಒಬ್ಬನಿಗೇ!

ಹೀರೋ ಬಾವಿಗೆ ಹಾರಿ ಒಬ್ಬರನ್ನು ಎತ್ತಿಕೊಂಡು ಬಂದರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ ಬೀಳುತ್ತೆ. 65 ಜನರನ್ನು ಎತ್ತಿಸಿದರೆ? ‘ಬಿಡ್ರೀ, ಇದೆಲ್ಲಾ ಸಿನಿಮಾದಲ್ಲಿ ಮಾತ್ರ’ ಅಂತೀರಿ. ಆದರೆ 2023ರಲ್ಲಿ ಅಕ್ಷಯ್ ಕುಮಾರ್ ಪೇಟ ಸುತ್ತಿಕೊಂಡು ನಟಿಸಿದ ‘ಮಿಷನ್ ರಾಣಿಗಂಜ್’ ಕಟ್ಟುಕಥೆಯಲ್ಲ ಸ್ವಾಮಿ!

1989ರ ನವೆಂಬರ್ 13ರ ರಾತ್ರಿ. ಪಶ್ಚಿಮ ಬಂಗಾಳದ ರಾಣಿಗಂಜ್ ಬಳಿಯ ಮಹಾಬೀರ್ ಕಲ್ಲಿದ್ದಲು ಗಣಿಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಕೆಲಸದಲ್ಲಿದ್ದರು. ಸಿಡಿಮದ್ದು ಇಟ್ಟು ಕಲ್ಲಿದ್ದಲು ಒಡೆಯುತ್ತಿದ್ದ ಹಾಗೇ ನೀರು ನುಗ್ಗಿತು. ಹೆಚ್ಚಿನವರು ಲಿಫ್ಟ್ ಹತ್ತಿ ಪಾರಾದರು. ಸಿಕ್ಕಿಬಿದ್ದವರು 71. ಅವರಲ್ಲಿ ಆರು ಮಂದಿ ನೀರುಪಾಲು. ಮಿಕ್ಕವರು ಎತ್ತರದ ಜಾಗ ಹಿಡಿದು ಕತ್ತಲಲ್ಲಿ ಕೂತರು.

ಗಣಿಯೊಳಗೆ ನೀರು ಅಂದರೆ ಆ ಕಡೆಯವರಿಗೆ ಎದೆ ಝಲ್ಲೆನ್ನುತ್ತೆ. 1975ರಲ್ಲಿ ಧನಬಾದ್ ಬಳಿಯ ಚಾಸ್‌ನಾಲಾದಲ್ಲಿ ಹೀಗೇ ನುಗ್ಗಿದ ನೀರು 350ಕ್ಕೂ ಹೆಚ್ಚು ಕಾರ್ಮಿಕರನ್ನು ನುಂಗಿತ್ತು. ಅಮಿತಾಭ್ ಅಭಿನಯದ ‘ಕಾಲಾ ಪತ್ಥರ್’ (1979) ಹುಟ್ಟಿದ್ದು ಆ ದುರಂತದಿಂದಲೇ.

ಮೇಲಿಂದ ಹೊಸ ರಂಧ್ರ ಕೊರೆದು ಉಕ್ಕಿನ ಕ್ಯಾಪ್ಸೂಲು ಇಳಿಬಿಡೋಣ ಅಂದವರು ಗಣಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್. ಅಗಲ ಸುಮಾರು 22 ಅಂಗುಲ, ಅಷ್ಟೇ! ಭುಜ ಒತ್ತಿಕೊಂಡು ನಿಲ್ಲಬೇಕು. ಕೊರೆದವರು, ಬೆಸೆದವರು, ಹಗ್ಗ ಎಳೆದವರು ಎಲ್ಲರೂ ನಿದ್ದೆಗೆಟ್ಟು ದುಡಿದರು. ಇವರ ಹೆಸರು ಯಾವ ಪೋಸ್ಟರಿನಲ್ಲೂ ಬರೋದಿಲ್ಲ ಬಿಡಿ.

ಸರಿ, ಇಳಿಯೋರು ಯಾರು? ಕಥೆಯ ತಿರುಳು ಇಲ್ಲೇ ಇದೆ. ಒಳಗೆ ಜಾಗ ಒಬ್ಬನಿಗೇ. ಇಳಿದವನು ಕೆಳಗೇ ಉಳಿದರೆ ಮಾತ್ರ ಇನ್ನೊಬ್ಬ ಮೇಲೆ ಬಂದಾನು. ಹಗ್ಗ ಕಚ್ಚಿಕೊಂಡರೆ? ನೀರು ಏರಿದರೆ? ಗಿಲ್ ತಾವೇ ಹತ್ತಿ ನಿಂತರು. ಆಗ ಅವರ ವಯಸ್ಸು ಐವತ್ತರ ಆಸುಪಾಸು!

ಕೆಳಗೆ ಮೂರು ದಿನ ಸಾವನ್ನೇ ಕಾದು ಕೂತಿದ್ದ ಜನ. ಪೆಟ್ಟಾದವರು, ಜ್ವರ ಬಂದವರು ಮೊದಲು ಅಂತ ಸಾಲು ಕಟ್ಟಿಸಿದರು. ಒಂದು ಸಲಕ್ಕೆ ಒಬ್ಬ. ಸುಮಾರು ಆರು ಗಂಟೆ ಹೊತ್ತು ಕ್ಯಾಪ್ಸೂಲು ಹತ್ತಿತು, ಇಳಿಯಿತು. 16ರ ಬೆಳಿಗ್ಗೆ 65 ಮಂದಿಯೂ ಮೇಲಿದ್ದರು. ಗಿಲ್ ಬಂದದ್ದು ಎಲ್ಲರಿಗಿಂತ ಕೊನೆಗೆ.

1991ರಲ್ಲಿ ಸರ್ವೋತ್ತಮ ಜೀವನ ರಕ್ಷಾ ಪದಕ ಬಂತು. ಚಿತ್ರ? ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಹಾಡು ಕಡಿಮೆ ಮಾಡಿ ಆ ಕತ್ತಲನ್ನು ಇನ್ನಷ್ಟು ಹೊತ್ತು ತೋರಿಸಬೇಕಿತ್ತು ಅಂತ ನನಗನ್ನಿಸಿತು. ಗಿಲ್ ಅವರಿಗೆ ಏನನ್ನಿಸುತ್ತಿತ್ತೋ! ಚಿತ್ರ ಬರೋ ನಾಲ್ಕು ವರ್ಷ ಮೊದಲೇ, 2019ರಲ್ಲಿ, ಅಮೃತಸರದಲ್ಲಿ ಅವರು ತೀರಿಕೊಂಡಿದ್ದರು.