ಹೊಳೆಯುವುದೆಲ್ಲ ಕ್ಯಾನ್ಸರ್ ಅಲ್ಲ

ಕುಂಬ್ರದ ಅಜ್ಜನೊಬ್ಬರಿಗೆ ಮೂರು ವಾರದಿಂದ ಕೆಮ್ಮು ಅಂತ ಇಟ್ಟುಕೊಳ್ಳಿ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲೊಂದು ಬಿಳಿ ಮಚ್ಚೆ. ಕ್ಷಯವೋ, ಕ್ಯಾನ್ಸರೋ? ಎಕ್ಸ್‌ರೇ ತೋರಿಸುವುದು ಬರೀ ನೆರಳು. ಸಿಟಿ ಸ್ಕ್ಯಾನ್ ಅದರ ಅಂಚನ್ನೂ ತೋರಿಸುತ್ತದೆ: ಅಂಚು ಮುಳ್ಳುಮುಳ್ಳಾಗಿದ್ದರೆ ಕ್ಯಾನ್ಸರ್ ಅನುಮಾನ ಜಾಸ್ತಿ, ಮಚ್ಚೆ ಪೂರ್ತಿ ಸುಣ್ಣಗಟ್ಟಿದ್ದರೆ ಹಳೆಯ ಸೋಂಕಿನ ಗುರುತಿರಬಹುದು.

ಇನ್ನು ಪೆಟ್ ಸ್ಕ್ಯಾನ್. ಫ್ಲೋರಿನ್-18 ಸೇರಿಸಿದ, ಸಕ್ಕರೆಯಂಥ ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಕುಂಬ್ರದಿಂದ ಬಸ್ಸಲ್ಲಿ ಮಂಗಳೂರು ಮುಟ್ಟುವಾಗ ಹೆಚ್ಚುಕಡಿಮೆ ಅರ್ಧ ಖಾಲಿ! ಕ್ಯಾನ್ಸರ್ ಕೋಶಗಳು ಸಕ್ಕರೆ ಜಾಸ್ತಿ ತಿನ್ನುವುದರಿಂದ ಅಲ್ಲಿ ಹೊಳಪು. ಆದರೆ ಕ್ಷಯದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿಗೂ ಅದೇ ಹಸಿವು. ಹಾಗಾಗಿ ಎರಡೂ ಹೊಳೆಯುತ್ತವೆ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಕ್ಷಯ ಅಪರೂಪವಾದ ದೇಶದ ಚಿತ್ರಗಳಿಂದ ಕಲಿತ ಎಐ ಮಾಡೆಲ್ ಇಲ್ಲಿ ಎಡವಬಹುದು. ಕ್ಷಯವನ್ನು ಕ್ಯಾನ್ಸರ್ ಅಂದರೆ, ಮಾತ್ರೆಯಲ್ಲಿ ಗುಣವಾಗುವ ರೋಗಕ್ಕೆ ಬೇಡದ ಆಪರೇಷನ್. ಕ್ಯಾನ್ಸರನ್ನು ಕ್ಷಯ ಅಂದರೆ, ತಿಂಗಳುಗಟ್ಟಲೆ ಮಾತ್ರೆ ನುಂಗುವಷ್ಟರಲ್ಲಿ ಗಡ್ಡೆ ಬೆಳೆದಿರುತ್ತದೆ. ಚಿತ್ರ ಜಾಗ ತೋರಿಸುತ್ತದೆ. ಕೊನೆಯ ಮಾತು ಕಫ ಪರೀಕ್ಷೆ, ಬಯಾಪ್ಸಿಯದ್ದು. ನಾಳೆ ನೀವು ಇಂಥ ಮಾಡೆಲ್ ಕಟ್ಟುವುದಾದರೆ ಆ ಅಜ್ಜ ನೆನಪಿರಲಿ.