ಬಗ್ಗಿ ಎದ್ದಾಗ ಕಣ್ಣು ಕತ್ತಲೆ

ಶೇಂಗಾ ಹೊಲದಲ್ಲಿ ಕಳೆ ತೆಗೆಯೋರಿಗೆ ಇದು ಗೊತ್ತು. ಕುಕ್ಕರಗಾಲಿನಲ್ಲಿ ಗಂಟೆಗಟ್ಟಲೆ ಕೂತು ಸರಕ್ಕನೆ ಎದ್ದರೆ ತಲೆ ಗಿರ್ರಂತದೆ. ರಕ್ತ ಕಾಲಿಗಿಳಿದು ಮಿದುಳಿಗೆ ಅರೆಗಳಿಗೆ ಸಾಲೋದಿಲ್ಲ. ಬೆವರಿ ಮೈನೀರು ಇಂಗಿದ್ದರೆ ಇನ್ನೂ ಜೋರು. 2023ರ ಬರದಲ್ಲಿ, ಆಗಸ್ಟ್ ಬಿಸಿಲಿಗೆ ನನ್ನ ಹೆಂಡತಿ ಹೀಗೇ ಬಿದ್ದಳು. ಕೈಯಲ್ಲಿ ಕುಡುಗೋಲು! ಒಂದಂಗುಲ ಆಚೀಚೆಯಾಗಿದ್ದರೆ ಕುತ್ತಿಗೆಗೇ ಬೀಳ್ತಿತ್ತು.

ಬಿದ್ದವರನ್ನು ಎತ್ತಿ ಕೂರಿಸಬೇಡಿ. ನೆರಳಲ್ಲಿ ಮಲಗಿಸಿ, ಕಾಲು ಎತ್ತರ ಮಾಡಿ. ಪೂರಾ ಎಚ್ಚರಾದ ಮೇಲೆ ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಎಚ್ಚರ ಬಾರದಿದ್ದರೆ, ಎದೆನೋವಿದ್ದರೆ 108ಕ್ಕೆ ಫೋನು ಮಾಡಿ.

ಬಿಪಿ 90/60ಕ್ಕಿಂತ ಕೆಳಗಿದ್ದೂ ತಲೆಸುತ್ತು, ಸುಸ್ತು ಇಲ್ಲದಿದ್ದರೆ ಸಾಮಾನ್ಯವಾಗಿ ಔಷಧಿ ಬೇಡ. ಟಾನಿಕ್ಕಿಗೆ ಯಾಕೆ ದುಡ್ಡು ಸುರೀಬೇಕು? ನಮ್ಮ ವಯಸ್ಸಿನವರಿಗೆ ಏರುಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆಯಿಂದಲೂ ಇಳೀತದೆ. ನಾವೇ ನಿಲ್ಲಿಸದೆ ಡಾಕ್ಟರಿಗೆ ಹೇಳಬೇಕು. ಮಲಗಿದಾಗೊಮ್ಮೆ, ನಿಂತು ಮೂರು ನಿಮಿಷದೊಳಗೊಮ್ಮೆ ಅಳೆಸಿ. ಮೇಲಿನ ಅಂಕಿ 20 ಇಳಿದರೆ ರೋಗ ಸಿಕ್ಕಿದ ಹಾಗೆ.

ಈಗ ನಮ್ಮ ಸಾಲಿನ ಕೊನೆಗೆ ಉಪ್ಪು ಮಜ್ಜಿಗೆಯ ಬಿಂದಿಗೆ ಇರ್ತದೆ. ಏರುಬಿಪಿ, ಕಿಡ್ನಿ ತೊಂದರೆಯೋರಿಗೆ ಮಾತ್ರ ಸಪ್ಪೆ ಮಜ್ಜಿಗೆ. ಏಳೋ ಮುಂಚೆ ಮಂಡಿಯೂರಿ ಹತ್ತು ಎಣಿಸ್ತೇವೆ, ಕುಡುಗೋಲು ನೆಲಕ್ಕಿಟ್ಟು.